ಜೋಳದ ಸೀಮೆಯಲ್ಲಿ ಗೋಧಿ ಒಗ್ಗದವರು

ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕನ್ನಡ ಮನೆಗಳಲ್ಲಿ ಇಂದು ಬೀಗರು ಬಂದರೆ ಚಪಾತಿ ಲಟ್ಟಿಸುತ್ತೇವೆ. ಹಬ್ಬಕ್ಕೆ ಹೋಳಿಗೆ ಮಾಡುತ್ತೇವೆ. ಮುಂಜಾನೆ ಚಹಾದ ಜೊತೆ ಮಕ್ಕಳ ಕೈಗೆ ಬಿಸ್ಕತ್ತು ಕೊಡುತ್ತೇವೆ. ಇವೆಲ್ಲವೂ ಗೋಧಿಯವೇ. ಇಂಥ ಮನೆಯ ಮಗುವೊಂದಕ್ಕೆ ಸೀಲಿಯಾಕ್ ಕಾಯಿಲೆ ಇದೆ, ಜೀವಮಾನವಿಡೀ ಗೋಧಿ ತಿನ್ನಬಾರದು ಎಂದು ಡಾಕ್ಟರು ಹೇಳಿದರೆ ತಾಯಿತಂದೆ ಕಂಗಾಲಾಗುತ್ತಾರೆ. ಇನ್ನು ಈ ಮಗು ತಿನ್ನುವುದಾದರೂ ಏನು ಎಂದು ಕೇಳುತ್ತಾರೆ.

ಪ್ರಿಯ ಯುವಮಿತ್ರರೇ, ಈ ಪ್ರಶ್ನೆಯನ್ನು ನಮ್ಮ ಮುತ್ತಜ್ಜಿಗೆ ಕೇಳಿದ್ದರೆ ಆಕೆಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅವಳ ಒಲೆಯ ಮೇಲೆ ದಿನವೂ ಬೇಯುತ್ತಿದ್ದುದು ಜೋಳದ ರೊಟ್ಟಿ. ಗೋಧಿ ವರ್ಷಕ್ಕೆ ನಾಲ್ಕಾರು ಹಬ್ಬಕ್ಕೆ ಮನೆಗೆ ಬರುತ್ತಿದ್ದ ಅತಿಥಿ. ಆ ಅತಿಥಿ ಮನೆಯ ಯಜಮಾನನಾದದ್ದು ಹೇಗೆ ಎಂಬುದನ್ನು ತಿಳಿದರೆ, ಗೋಧಿ ಒಗ್ಗದವರು ನಮ್ಮ ಸೀಮೆಯಲ್ಲಿ ಚೆನ್ನಾಗಿಯೇ ಬಾಳಬಹುದು ಎಂಬುದೂ ತಿಳಿಯುತ್ತದೆ.

ಮೊದಲು ಕಾಯಿಲೆಯ ಮಾತು. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ನಾದಿದಾಗ ಜಿಗುಟಾಗಿ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಇರುವವರು ಗ್ಲುಟೆನ್ ತಿಂದರೆ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಆಗ ಉಂಡದ್ದು ಮೈಗೆ ಹತ್ತುವುದಿಲ್ಲ. ಕೆಲವು ಮಕ್ಕಳಿಗೆ ಭೇದಿ, ಹೊಟ್ಟೆಯುಬ್ಬರ ಬರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರುವುದಿಲ್ಲ. ಇದು ದೃಷ್ಟಿದೋಷವಲ್ಲ, ಅಂಟುರೋಗವೂ ಅಲ್ಲ. ಇದಕ್ಕೆ ಇಂದಿಗೂ ಇರುವ ಮದ್ದು ಒಂದೇ: ಗ್ಲುಟೆನ್ ಇಲ್ಲದ ಊಟ.

ಈ ಮದ್ದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಕ್ರಿಸ್ತಶಕ 2ನೇ ಶತಮಾನದ ಸುಮಾರಿಗೆ ಕಪ್ಪದೋಕ್ಯದ ಅರೆಟೇಯಸ್ ಎಂಬ ಗ್ರೀಕ್ ವೈದ್ಯ ಇಂಥ ಹೊಟ್ಟೆಬೇನೆಯನ್ನು ವರ್ಣಿಸಿದ್ದ. ಗ್ರೀಕಿನಲ್ಲಿ ಹೊಟ್ಟೆಗೆ ಇರುವ ಪದದಿಂದಲೇ ಸೀಲಿಯಾಕ್ ಎಂಬ ಹೆಸರು ಹುಟ್ಟಿತು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಮಕ್ಕಳಲ್ಲಿ ಈ ಕಾಯಿಲೆಯನ್ನು ವಿವರಿಸಿ, ಗುಣವಾಗುವುದಾದರೆ ಅದು ಆಹಾರದಿಂದಲೇ ಎಂದು ಬರೆದರು. ಆದರೆ ಯಾವ ಆಹಾರ ಎಂಬುದು ಅವರಿಗೆ ಹೊಳೆಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಗುಣ ಬಾಳೆಹಣ್ಣಿನದೆಂದು ಜನ ತಿಳಿದರು. ನಿಜಕ್ಕೂ ಆ ಪಥ್ಯದಲ್ಲಿ ಬ್ರೆಡ್ ಇಲ್ಲದ್ದೇ ಗುಣಕ್ಕೆ ಕಾರಣವಾಗಿತ್ತು.

ಗುಟ್ಟನ್ನು ಬಿಡಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕೆ. ಗೋಧಿಯ ಮೇಲೆ ಅವರಿಗೆ ಯುದ್ಧಕ್ಕೆ ಮೊದಲೇ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಆ ದೇಶದಲ್ಲಿ ಘೋರ ಬರಗಾಲ ಬಿತ್ತು. ಜನ ಟ್ಯುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಉಳಿದ ಮಕ್ಕಳು ಸೊರಗುತ್ತಿರುವಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ಮರಳಿ ಬಂದಾಗ ಕಾಯಿಲೆಯೂ ಮರಳಿತು. 1950ರಲ್ಲಿ ಡಿಕೆ ಇದನ್ನೆಲ್ಲ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಗೋಧಿ ಬಿಡುವುದೇ ಚಿಕಿತ್ಸೆಯಾಯಿತು.

ಆ 1950ರಲ್ಲಿ ನಮ್ಮ ಸೀಮೆ ಹೇಗಿತ್ತು? ನಿಲಂಗಾ ಮತ್ತು ಉದಗೀರ ಆಗ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳು. ಉಮರ್ಗಾ ಅದೇ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ ಹೋದವು. ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ ಬಂದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಉದಗೀರ, ನಿಲಂಗಾ ಅದರೊಳಗೆ ಸೇರಿದವು. ಶಾಲೆಯ ಭಾಷೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಆದರೆ ಗಡಿಯ ಎರಡೂ ಕಡೆ ಊಟದ ತಟ್ಟೆ ಒಂದೇ ಆಗಿತ್ತು. ನಾವು ರೊಟ್ಟಿ ಎಂದೆವು, ನೆರೆಯವರು ಭಾಕರಿ ಎಂದರು. ಬಡಿದದ್ದು ಅದೇ ಜೋಳದ ಹಿಟ್ಟು.

ಇದಕ್ಕೆ ಕಾರಣ ನಮ್ಮ ಮಣ್ಣು. ಮಾಂಜ್ರಾ, ತೇರಣಾ ಹೊಳೆಗಳ ಈ ಕರಿನೆಲ ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಜೋಳ ಆ ತೇವ ಮತ್ತು ಇಬ್ಬನಿಯ ಬಲದಲ್ಲಿಯೇ ತೆನೆ ಕೊಡುತ್ತದೆ. ಮನುಷ್ಯರಿಗೆ ಕಾಳು, ದನಕ್ಕೆ ಕಣಕಿ. ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಮಾಲದಂಡಿ ಎಂ 35-1 ತಳಿ ಇಂದಿಗೂ ಹಿಂಗಾರಿ ಜೋಳದ ರಾಜನೇ. ಈ ಜೋಳದಲ್ಲಿ ಗ್ಲುಟೆನ್ ಇಲ್ಲ. ಜೋಳ ಸೀಲಿಯಾಕ್ ಇರುವವರಿಗೆ ಸುರಕ್ಷಿತವೆಂದು ಇಟಲಿಯ ವೈದ್ಯರು 2007ರಲ್ಲಿ ಪರೀಕ್ಷಿಸಿ ಬರೆದಿದ್ದಾರೆ.

ಹಾಗಾದರೆ ಗೋಧಿ ದಿನದ ಊಟವಾದದ್ದು ಯಾವಾಗ? ಗಡಿ ಬದಲಾದ ಅದೇ 1956ರ ಆಗಸ್ಟ್‌ನಲ್ಲಿ ಭಾರತ ಅಮೆರಿಕದೊಡನೆ ಪಿಎಲ್-480 ಒಪ್ಪಂದ ಮಾಡಿಕೊಂಡಿತು. ಹಡಗು ಹಡಗಾಗಿ ಗೋಧಿ ಬಂತು. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ತರಿಸಲಾಯಿತು. ಪಂಜಾಬ, ಹರಿಯಾಣದ ನೀರಾವರಿ ಹೊಲಗಳು ತುಂಬಿದವು, ಅಲ್ಲಿಯ ಗೋಧಿ ದೇಶದ ರೇಷನ್ ಅಂಗಡಿಗಳಿಗೆ ಹರಿಯಿತು. ದೇಶ ಹಸಿವಿನಿಂದ ಪಾರಾಯಿತು. ಇದನ್ನು ನಾವು ಕೃತಜ್ಞತೆಯಿಂದಲೇ ಹೇಳಬೇಕು. 1972ರ ಬರಗಾಲವನ್ನು ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದದ್ದು, ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳ ತಿಂದದ್ದು ಅವರಿಗೆ ನೆನಪಿದೆ. ಅಂಥ ದಿನ ಕಂಡವರಿಗೆ ರೇಷನ್ ಗೋಧಿ ಆಸರೆಯಾಯಿತು.

ಆದರೆ ಆ ಆಸರೆಯ ಜೊತೆ ಒಂದು ಅಭಿಮಾನವೂ ಬಂತು. ಬಿಳಿ ಚಪಾತಿ ದೊಡ್ಡಮನೆಯ ಊಟ, ಜೋಳದ ರೊಟ್ಟಿ ಬಡವರ ಊಟ ಎಂಬ ಮಾತು ಹುಟ್ಟಿತು. ಮುಂಗಾರಿ ಜೋಳದ ಹೊಲಗಳಿಗೆ ಸೋಯಾಬೀನ್ ನುಗ್ಗಿತು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಗೋಧಿ ಕಿಲೋಗೆ 2 ರೂಪಾಯಿ ಆಯಿತು, 2023ರಿಂದ ಪುಕ್ಕಟೆಯಾಯಿತು. ಇಂದು ಪೇಟೆಯಲ್ಲಿ ಒಳ್ಳೆಯ ಜೋಳ ಗೋಧಿಗಿಂತ ತುಟ್ಟಿ. ಬಡವರ ಊಟ ಬಡವರ ಕೈಗೆ ಎಟುಕದಂತೆ ಆಗಿದೆ. ಸೀಲಿಯಾಕ್ ಇರುವ ಬಡ ಕುಟುಂಬಕ್ಕೆ ಇದು ದೊಡ್ಡ ಹೊರೆ. ರೇಷನ್ನಿನ ಗೋಧಿ ಅವರಿಗೆ ಉಪಯೋಗವಿಲ್ಲ, ಜೋಳವನ್ನು ಕೊಂಡೇ ತಿನ್ನಬೇಕು.

2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇಲ್ಲಿ ನೆನಪಾಗುತ್ತದೆ. ದೇಶದ ಮೂರು ಭಾಗಗಳಲ್ಲಿ 23,331 ವಯಸ್ಕರನ್ನು ಪರೀಕ್ಷಿಸಿದಾಗ ಉತ್ತರದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಕಂಡವು, ದಕ್ಷಿಣದಲ್ಲಿ ನೂರಕ್ಕೆ 0.10 ಮಂದಿಯಲ್ಲಿ. ಈ ಕಾಯಿಲೆಗೆ ಬೇಕಾದ ವಂಶವಾಹಿ ಗುಣ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ನಾವು ಉತ್ತರ ದಕ್ಷಿಣಗಳು ಕೂಡುವ ಜಾಗದಲ್ಲಿದ್ದೇವೆ. ನಮ್ಮ ತಟ್ಟೆ ಜೋಳದಿಂದ ಗೋಧಿಗೆ ತಿರುಗಿರುವಾಗ ಈ ಕಾಯಿಲೆಯ ಹೆಸರನ್ನು ನಾವು ತಿಳಿದಿರುವುದು ಒಳ್ಳೆಯದು.

ಒಂದು ಎಚ್ಚರಿಕೆ. ಅನುಮಾನ ಬಂತೆಂದು ತಾನಾಗಿಯೇ ಗೋಧಿ ಬಿಡಬಾರದು. ಮೊದಲು ಡಾಕ್ಟರ ಹತ್ತಿರ ಟಿಟಿಜಿ ರಕ್ತಪರೀಕ್ಷೆ, ಅವರು ಹೇಳಿದರೆ ಎಂಡೊಸ್ಕೋಪಿ ಆಗಬೇಕು. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ಕಾಣಿಸದೆ ಹೋಗಬಹುದು. ಹಾಗೆಯೇ, ಕಾಯಿಲೆ ಇಲ್ಲದವರು ಫ್ಯಾಷನ್ನಿಗಾಗಿ ಗೋಧಿ ಬಿಡಬೇಕಾಗಿಲ್ಲ.

ಕಾಯಿಲೆ ಖಚಿತವಾದವರಿಗೆ ನಮ್ಮ ಸೀಮೆಯ ಅಡುಗೆಮನೆಯಲ್ಲಿ ಏನಿದೆ ನೋಡಿ. ಬಿಸಿ ರೊಟ್ಟಿ, ತಿಂಗಳೊಪ್ಪತ್ತು ಇಟ್ಟರೂ ಕೆಡದ ಕಡಕ್ ರೊಟ್ಟಿ, ಜೋಳದ ನುಚ್ಚು, ಅಂಬಲಿ. ಜೊತೆಗೆ ಝುಣಕ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉದಗೀರ ಲಾತೂರದ ದಾಲ್‌ಮಿಲ್ಲುಗಳ ತೊಗರಿಬೇಳೆ. ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ. ಚಳಿಗಾಲದಲ್ಲಿ ಹೊಲದಲ್ಲೇ ಸುಟ್ಟು ತಿನ್ನುವ ಹಸಿ ಜೋಳದ ಸೀತನಿ. ನಮ್ಮ ನೆರೆಹೊರೆಯವರು ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದು ಬಡಿಸುವ ಭಜ್ಜಿ, ಅಂಬಿಲ, ಸಜ್ಜಿಯ ಉಂಡೆ. ಅಲ್ಲಿಯ ಗೋಧಿ ಖೀರೊಂದನ್ನು ಬಿಟ್ಟರೆ ಇಡೀ ಹಬ್ಬದೂಟ ಇವರದೇ.

ಮೋಸ ಹೋಗುವುದು ಸಣ್ಣ ಸಣ್ಣ ಜಾಗಗಳಲ್ಲಿ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಹಿಟ್ಟು ಕೆಟ್ಟಂತೆಯೇ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಹಾನಿಯಾಗುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಅದು ಒಂದು ಚಿಟಿಕೆ ಹಿಟ್ಟಿನ ಲೆಕ್ಕ. ಆದ್ದರಿಂದ ಜೋಳವನ್ನು ಹಸನು ಮಾಡಿ ಮನೆಯಲ್ಲೇ ಸಣ್ಣ ಗಿರಣಿಯಲ್ಲಿ ಅಥವಾ ಬೀಸುಕಲ್ಲಿನಲ್ಲಿ ಬೀಸಿಕೊಳ್ಳುವುದು ಒಳ್ಳೆಯದು. ಚಪಾತಿಯ ಹಂಚು, ಲಟ್ಟಣಿಗೆ ಬೇರೆ, ರೊಟ್ಟಿಯ ಹಂಚು ಬೇರೆ ಇರಲಿ. ಧಪಾಟಿ, ಥಾಲಿಪೀಠದ ಹಿಟ್ಟಿಗೆ ಗೋಧಿ ಬೆರೆಸುವ ರೂಢಿಯಿದೆ, ಕೇಳಿ ತಿಳಿಯಬೇಕು. ಇಂಗಿನ ಡಬ್ಬಿಯಲ್ಲಿ ಮೈದಾ ಇರುತ್ತದೆ. ರವೆ, ಶಾವಿಗೆ ಗೋಧಿಯವೇ. ಹಳೆಯ ತಳಿ, ಸಕ್ಕರೆ ರೋಗಕ್ಕೆ ಒಳ್ಳೆಯದು ಎಂದು ಮಾರುವ ಖಪಲಿ ಗೋಧಿಯಲ್ಲೂ ಗ್ಲುಟೆನ್ ಇದೆ. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿದೆ.

ಇನ್ನು ದೇವರ ಪೀಠದ ಮಾತು. ಪರಮಪ್ರಸಾದದ ರೊಟ್ಟಿ ಶುದ್ಧ ಗೋಧಿಯದಾಗಿರಬೇಕು ಎಂದು ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 924ನೇ ವಿಧಿ ಹೇಳುತ್ತದೆ. ಹಾಗಾದರೆ ಸೀಲಿಯಾಕ್ ಇರುವ ಮಗು ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸುವುದು ಹೇಗೆ? 2003ರ ಜುಲೈ 24ರಂದು ರೋಮಿನ ವಿಶ್ವಾಸ ಸಿದ್ಧಾಂತ ಪರಿಷತ್ತು ಧರ್ಮಾಧ್ಯಕ್ಷರಿಗೆ ಪತ್ರ ಬರೆದು ದಾರಿ ತೋರಿಸಿತು. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು, ಆದರೆ ಅತಿ ಕಡಿಮೆ ಗ್ಲುಟೆನ್ ಇರುವ ಗೋಧಿ ರೊಟ್ಟಿ ಸಲ್ಲುತ್ತದೆ. ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು. ಯಾವುದೇ ಒಂದು ರೂಪದಲ್ಲಿ ಸ್ವೀಕರಿಸಿದರೂ ಕ್ರಿಸ್ತರು ಪರಿಪೂರ್ಣವಾಗಿ ದೊರೆಯುತ್ತಾರೆಂದು ಟ್ರೆಂಟ್ ಮಹಾಸಭೆ 1562ರಲ್ಲೇ ಬೋಧಿಸಿತ್ತು. ಅಮೆರಿಕದ ಮಿಸೌರಿ ರಾಜ್ಯದ ಕ್ಲೈಡ್ ಎಂಬ ಊರಿನ ಬೆನೆಡಿಕ್ಟೈನ್ ಕನ್ಯಾಸ್ತ್ರೀಯರು ವರ್ಷಗಟ್ಟಲೆ ಪ್ರಯತ್ನಿಸಿ ಕೇವಲ ಶೇಕಡಾ 0.01 ಗ್ಲುಟೆನ್ ಇರುವ ರೊಟ್ಟಿಯನ್ನು ತಯಾರಿಸಿದರು. ಯಾರೋ ಕೆಲವೇ ಮಂದಿಗಾಗಿ ಅವರು ಪಟ್ಟ ಪಾಡು ಅದು. ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯ ಚೂರನ್ನು ದ್ರಾಕ್ಷಾರಸದ ಬಟ್ಟಲಿಗೆ ಹಾಕುವುದರಿಂದ ಇಂಥವರಿಗೆ ಬೇರೆಯೇ ಚಿಕ್ಕ ಬಟ್ಟಲು ಬೇಕು. ಆದ್ದರಿಂದ ಮನೆಯವರು ಮುಂಚಿತವಾಗಿ ಗುರುಗಳಲ್ಲಿ ಮಾತಾಡಬೇಕು, ಡಾಕ್ಟರ ಸಲಹೆಯನ್ನೂ ಕೇಳಬೇಕು. ಮುಚ್ಚಿಡಬೇಕಾದ ಸಂಗತಿ ಇದಲ್ಲ.

ಯುವಮಿತ್ರರೇ, ಲಾತೂರಿಗೆ ಕೋಚಿಂಗಿಗೆ ಹೋಗುವವರು ನಮ್ಮಲ್ಲಿ ಅನೇಕರಿದ್ದಾರೆ. ಮೆಸ್ಸಿನಲ್ಲಿ ಎರಡು ಹೊತ್ತು ಚಪಾತಿ. ಅಲ್ಲಿ ಸೀಲಿಯಾಕ್ ಇರುವ ಗೆಳೆಯನಿಗೆ ದಿನವೂ ತನ್ನ ಹೊಟ್ಟೆಯ ಕಥೆ ಹೇಳಿಕೊಳ್ಳುವುದೇ ದೊಡ್ಡ ಕಷ್ಟ. ಒಂದು ಚೂರು ತಿಂದರೆ ಏನಾಗುತ್ತದೆ ಎಂದು ಒತ್ತಾಯ ಮಾಡುವವರು ನಾವಾಗಬಾರದು. ಮದುವೆ ಮಾತುಕತೆಯಲ್ಲಿ ಗೋಧಿ ಒಗ್ಗದ ಹುಡುಗಿಯನ್ನು ರೋಗಿಷ್ಠೆ ಎನ್ನುವ ನಾಲಿಗೆಗಳಿಗೂ ಉತ್ತರ ಕೊಡಬೇಕು. ಪಥ್ಯ ತಪ್ಪದೆ ಇದ್ದರೆ ಆಕೆ ಎಲ್ಲರಂತೆ ದುಡಿಯಬಲ್ಲಳು, ತಾಯಿಯಾಗಬಲ್ಲಳು.

ನಮ್ಮ ಧರ್ಮಕೇಂದ್ರದ ಹಬ್ಬದೂಟಕ್ಕೆ ಈ ಸಲ ಒಂದು ಚಿಕ್ಕ ಏರ್ಪಾಡು ಮಾಡೋಣ. ಒಂದು ಮೇಜಿನ ಮೇಲೆ ಬೇರೆ ಹಂಚಿನಲ್ಲಿ ಬೇಯಿಸಿದ ಜೋಳದ ರೊಟ್ಟಿ, ಅನ್ನ, ಬೇಳೆ, ಶೇಂಗಾ ಚಟ್ನಿ ಇಡೋಣ. ಚಪಾತಿ ಬಡಿಸಿದ ಕೈ ಅಲ್ಲಿಗೆ ಹೋಗದಂತೆ ಒಬ್ಬರು ನಿಂತು ನೋಡಿಕೊಳ್ಳಲಿ. ಆ ಮೇಜಿಗೆ ಮೊದಲು ಬಂದು ರೊಟ್ಟಿ ಮುರಿಯುವವರು ನಮ್ಮ ಅಜ್ಜ ಅಜ್ಜಿಯರೇ ಆಗಿರುತ್ತಾರೆ. ಗೋಧಿ ಒಗ್ಗದ ಮಗು ಅವರ ಪಕ್ಕದಲ್ಲಿ ಕುಳಿತು ಅದನ್ನೇ ಉಣ್ಣಲಿ.