ಫೋನು ನಮ್ಮದು, ಬೀಗದ ಕೈ ಅವರದು

ನನ್ನ ಅಕ್ಕನ ಮಗಳು ೨೦೧೧ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಳು. ಆ ವರ್ಷದ ಮಳೆಗಾಲದಲ್ಲಿ ನಮ್ಮ ಭಾವನವರು ಆಸ್ಪತ್ರೆ ಸೇರಿದರು. ಸುದ್ದಿ ತಿಳಿಸಲೆಂದು ಅಕ್ಕ ಫೋನು ಮಾಡಿದರೆ ಅತ್ತ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಉತ್ತರವಿಲ್ಲ. ಒಂದು ರಾತ್ರಿಯೆಲ್ಲ ಹೀಗೆಯೇ ಕಳೆಯಿತು. ಮಗಳಿಗೇನಾಯಿತೋ ಎಂಬ ಚಿಂತೆ ಗಂಡನ ಚಿಂತೆಯ ಮೇಲೆ ಸೇರಿಕೊಂಡಿತು. ನಿಜವಾಗಿ ನಡೆದದ್ದು ಇಷ್ಟೆ: ಹುಡುಗಿ ಫೋನನ್ನು ಕೈಯಲ್ಲಿಯೇ ಹಿಡಿದು ಕುಳಿತಿದ್ದಳು, ಕರೆ ಬಂದೊಡನೆ ಅದರ ಪರದೆ ಕಲ್ಲಾಗಿಬಿಡುತ್ತಿತ್ತು. ಎಷ್ಟು ಒತ್ತಿದರೂ ಕರೆ ತೆಗೆದುಕೊಳ್ಳಲಾಗುತ್ತಿರಲಿಲ್ಲ.

ಮರುದಿನ ಗೆಳತಿಯೊಬ್ಬಳ ಫೋನಿನಿಂದ ಅವಳೇ ಮಾತನಾಡಿದಳು. “ಮಾವ, ಈ ದೋಷ ಅವರಿಗೂ ಗೊತ್ತಿದೆಯಂತೆ. ಅಪ್‌ಡೇಟ್ ಬರುವವರೆಗೆ ಕಾಯಬೇಕಂತೆ” ಎಂದಳು. ಫೋನು ತಯಾರಿಸಿದವರನ್ನು ಕೇಳಿದರೆ, “ನಾವು ಸಿದ್ಧಪಡಿಸಿ ಕೊಟ್ಟಾಗಿದೆ, ನಿಮ್ಮ ದೂರವಾಣಿ ಕಂಪೆನಿ ಒಪ್ಪಬೇಕು” ಎಂದರು. ದೂರವಾಣಿ ಕಂಪೆನಿಯನ್ನು ಕೇಳಿದರೆ, “ತಯಾರಕರಿಂದ ಇನ್ನೂ ಬಂದಿಲ್ಲ” ಎಂದರು. ಭಾವನವರು ಗುಣವಾಗಿ ಮನೆಗೆ ಬಂದರು, ದೀಪಾವಳಿಗೆ ಹೋಳಿಗೆಯನ್ನೂ ತಿಂದರು. ಅಪ್‌ಡೇಟ್ ಮಾತ್ರ ಬಂದಿರಲಿಲ್ಲ.

ಹಣ ಕೊಟ್ಟು ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳಲು ಮೂರನೆಯವನ ಅಪ್ಪಣೆ ಏಕೆ ಬೇಕು? ಈ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡಿದೆ. ನಾನು ಕನ್ನಡದ ಮೇಷ್ಟ್ರು, ಯಂತ್ರಶಾಸ್ತ್ರ ಬಲ್ಲವನಲ್ಲ. ಆದರೆ ಓದುತ್ತ ಹೋದಂತೆ, ಇದು ಯಂತ್ರದ ಕಥೆಗಿಂತ ಹೆಚ್ಚಾಗಿ ಒಡೆತನದ ಕಥೆ ಎಂದು ತಿಳಿಯಿತು. ಅದರ ಬೇರು ಸ್ಮಾರ್ಟ್‌ಫೋನಿಗಿಂತ ಬಹಳ ಹಿಂದಿನದು.

ಇಪ್ಪತ್ತನೆಯ ಶತಮಾನದ ಬಹುಭಾಗ ಅಮೆರಿಕದ ಟೆಲಿಫೋನು ಎಂದರೆ ಬೆಲ್ ವ್ಯವಸ್ಥೆ, ಎಂದರೆ ಎಟಿ ಅಂಡ್ ಟಿ ಕಂಪೆನಿ ಮತ್ತು ಅದರ ಅಂಗಸಂಸ್ಥೆಗಳು. ತಂತಿ ಅವರದು, ಕೇಂದ್ರ ಅವರದು, ಮನೆಯ ಮೇಜಿನ ಮೇಲಿನ ಸೆಟ್ಟೂ ಅವರದೇ. ಅವರದೇ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ತಯಾರಾದ ಸೆಟ್ಟಿಗೆ ಚಂದಾದಾರ ತಿಂಗಳು ತಿಂಗಳು ಬಾಡಿಗೆ ತೆರುತ್ತಿದ್ದ. ಕಂಪೆನಿ ಕೊಡದ ಯಾವ ವಸ್ತುವನ್ನೂ ಆ ಸೆಟ್ಟಿಗೆ ಜೋಡಿಸಕೂಡದೆಂದು ನಿಯಮವಿತ್ತು.

ನಮ್ಮಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಾಗಿಯೇ ದೂರವಾಣಿನಗರವೆಂಬ ಬಡಾವಣೆ ಬೆಳೆಯಿತು. ಅಲ್ಲಿ ತಯಾರಾದ ಕಪ್ಪು ಸೆಟ್ಟು ಮನೆಗೆ ಬಂದಾಗ ನೆರೆಹೊರೆಯವರೆಲ್ಲ ನೋಡಲು ಬರುತ್ತಿದ್ದರು. ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ ಪೂಜೆ ಮಾಡಿದ ಮನೆಗಳೂ ಉಂಟು. ಆದರೂ ಆ ಸೆಟ್ಟು ಮನೆಯವರದಲ್ಲ, ಅಂಚೆ ತಂತಿ ಇಲಾಖೆಯದು. ಸಂಪರ್ಕಕ್ಕೆ ವರ್ಷಗಟ್ಟಲೆ ಕಾದವರು, ಕೆಟ್ಟಾಗ ಲೈನ್‌ಮನ್ನನಿಗಾಗಿ ವಾರಗಟ್ಟಲೆ ಕಾಯುವುದನ್ನು ದೊಡ್ಡದೆಂದು ಎಣಿಸುತ್ತಿರಲಿಲ್ಲ.

ಅಮೆರಿಕದಲ್ಲಿ ಈ ನಿಯಮವನ್ನು ಮೊದಲು ಅಲುಗಾಡಿಸಿದ್ದು ಒಂದು ಬಟ್ಟಲು ಎಂದರೆ ನಗು ಬರಬಹುದು. ಅದರ ಹೆಸರು ಹಷ್-ಎ-ಫೋನ್. ಮಾತನಾಡುವ ತುದಿಗೆ ಸಿಕ್ಕಿಸುವ ಬಟ್ಟಲಿನಂಥ ಉಪಕರಣ. ಪಕ್ಕದವರಿಗೆ ಮಾತು ಕೇಳಿಸದಂತೆ ಮರೆಮಾಡುವುದಷ್ಟೆ ಅದರ ಕೆಲಸ. ವಿದ್ಯುತ್ತಿಲ್ಲ, ತಂತಿಯಿಲ್ಲ. ಆದರೂ ಅದು ಜಾಲಕ್ಕೆ ಹಾನಿಯೆಂದು ಎಟಿ ಅಂಡ್ ಟಿ ವಾದಿಸಿತು. ಸರ್ಕಾರದ ಸಂಪರ್ಕ ಆಯೋಗ ೧೯೫೫ರಲ್ಲಿ ಕಂಪೆನಿಯ ಪಕ್ಷವನ್ನೇ ಹಿಡಿಯಿತು. ೧೯೫೬ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಇತರರಿಗೆ ತೊಂದರೆಯಾಗದಂತೆ ತನಗೆ ಅನುಕೂಲವಾದ ರೀತಿಯಲ್ಲಿ ಫೋನನ್ನು ಬಳಸುವ ಹಕ್ಕು ಚಂದಾದಾರನಿಗಿದೆ ಎಂಬುದು ಆ ತೀರ್ಪಿನ ಸಾರ.

ಅನಂತರ ಬಂದವನು ಟೆಕ್ಸಾಸಿನ ಥಾಮಸ್ ಕಾರ್ಟರ್. ಎಣ್ಣೆ ಬಾವಿಗಳಲ್ಲಿಯೂ ದನಗಳ ಹುಲ್ಲುಗಾವಲುಗಳಲ್ಲಿಯೂ ದುಡಿಯುವವರ ಬಳಿ ರೇಡಿಯೋ ಇತ್ತು, ಟೆಲಿಫೋನಿರಲಿಲ್ಲ. ಟೆಲಿಫೋನಿನ ಕೈಹಿಡಿಯನ್ನು ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಮಲಗಿಸಿ, ಅದರ ಧ್ವನಿಯನ್ನು ರೇಡಿಯೋಗೆ ದಾಟಿಸುವ ಕಾರ್ಟರ್‌ಫೋನನ್ನು ಅವನು ರಚಿಸಿದ. ೧೯೫೯ರಿಂದ ೧೯೬೬ರ ವರೆಗೆ ಸುಮಾರು ೩,೫೦೦ ಪೆಟ್ಟಿಗೆಗಳು ಮಾರಾಟವಾದುವು. ಇದಕ್ಕೂ ಅದೇ ತಕರಾರು. ಆದರೆ ೧೯೬೮ರಲ್ಲಿ ಸಂಪರ್ಕ ಆಯೋಗವೇ ಕಾರ್ಟರನ ಪರವಾಗಿ ತೀರ್ಮಾನಿಸಿ, ಅನ್ಯ ಉಪಕರಣಗಳನ್ನು ನಿಷೇಧಿಸುವ ನಿಯಮವನ್ನು ರದ್ದುಮಾಡಿತು. ಪೇಟೆಯಲ್ಲಿ ಫೋನು ಕೊಂಡು ಗೋಡೆಯ ಗೂಡಿಗೆ ಸಿಕ್ಕಿಸುವುದು ೧೯೭೦ರ ದಶಕದ ಕೊನೆಯ ಹೊತ್ತಿಗೆ ಸಾಮಾನ್ಯವಾಯಿತು. ಉತ್ತರಿಸುವ ಯಂತ್ರ, ಫ್ಯಾಕ್ಸು, ಮೋಡೆಮ್ಮು ಇವೆಲ್ಲ ಮನೆ ಹೊಕ್ಕದ್ದು ಆ ತೀರ್ಪು ತೆರೆದ ಬಾಗಿಲಿನಿಂದಲೇ.

ಇಷ್ಟೆಲ್ಲ ಹೋರಾಡಿ ಗೆದ್ದ ಹಕ್ಕನ್ನು ಮೊಬೈಲಿನ ಕಾಲದಲ್ಲಿ ಅಮೆರಿಕದ ಗ್ರಾಹಕ ಸದ್ದಿಲ್ಲದೆ ಮತ್ತೆ ಒಪ್ಪಿಸಿಬಿಟ್ಟ. ಅದಕ್ಕೆ ಕಾರಣ ಅಗ್ಗದ ಬೆಲೆ. ದೂರವಾಣಿ ಕಂಪೆನಿಗಳು ಎರಡು ವರ್ಷದ ಕರಾರು ಬರೆಸಿಕೊಂಡು, ದುಬಾರಿ ಫೋನನ್ನು ಕಡಮೆ ಬೆಲೆಗೆ ಕೊಟ್ಟುವು. ೨೦೦೮ರಲ್ಲಿ ಐಫೋನ್ ೩ಜಿ ಅಲ್ಲಿ ಕರಾರಿನೊಡನೆ ೧೯೯ ಡಾಲರಿಗೆ ದೊರೆಯುತ್ತಿತ್ತು. ಉಳಿದ ಬೆಲೆಯನ್ನು ತಿಂಗಳ ಬಿಲ್ಲು ವಸೂಲು ಮಾಡುತ್ತಿತ್ತು. ಹೀಗಾಗಿ ಫೋನು ತಯಾರಿಸುವವನಿಗೆ ನಿಜವಾದ ಗಿರಾಕಿ ಎಂದರೆ ಸಗಟಾಗಿ ಕೊಳ್ಳುವ ದೂರವಾಣಿ ಕಂಪೆನಿಯೇ ಹೊರತು ಅದನ್ನು ಜೇಬಿನಲ್ಲಿಟ್ಟುಕೊಳ್ಳುವವನಲ್ಲ. ಕಂಪೆನಿ ಹೇಳಿದ ಹೆಸರು, ಕಂಪೆನಿ ಬಯಸಿದ ಆ್ಯಪುಗಳು, ಕಂಪೆನಿ ಒಪ್ಪಿದ ತಂತ್ರಾಂಶ.

೨೦೦೭ರಲ್ಲಿ ಆ್ಯಪಲ್ ಈ ಪದ್ಧತಿಗೆ ಬಗ್ಗಲಿಲ್ಲ. ಐಫೋನನ್ನು ಎಟಿ ಅಂಡ್ ಟಿ ಒಂದಕ್ಕೇ ಕೊಟ್ಟಿತಾದರೂ ತಂತ್ರಾಂಶದ ಹಿಡಿತವನ್ನು ತನ್ನಲ್ಲಿಯೇ ಇಟ್ಟುಕೊಂಡಿತು. ಅಪ್‌ಡೇಟ್ ನೇರವಾಗಿ ಗ್ರಾಹಕನ ಕಂಪ್ಯೂಟರಿಗೆ ಬರುತ್ತಿತ್ತು. ಗೂಗಲ್ ಹಿಡಿದ ದಾರಿ ಬೇರೆ. ಅದು ಆಂಡ್ರಾಯ್ಡನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದೆಂದು ಬಿಟ್ಟುಕೊಟ್ಟಿತು. ಆಂಡ್ರಾಯ್ಡ್ ಜಗತ್ತನ್ನೆಲ್ಲ ವ್ಯಾಪಿಸಿದ್ದು ಈ ಔದಾರ್ಯದಿಂದ. ಅಪ್‌ಡೇಟಿನ ಗೋಳು ಹುಟ್ಟಿದ್ದೂ ಇದರಿಂದಲೇ. ಗೂಗಲ್ ಹೊಸ ತಂತ್ರಾಂಶ ಹೊರಡಿಸಿದ ಮೇಲೆ ಚಿಪ್ಪು ಮಾಡುವವರು ಅದನ್ನು ತಮ್ಮ ಚಿಪ್ಪಿಗೆ ಹೊಂದಿಸಬೇಕು. ಫೋನು ತಯಾರಿಸುವವರು ತಮ್ಮ ಅಲಂಕಾರಗಳನ್ನು ಸೇರಿಸಬೇಕು. ಕೊನೆಗೆ ದೂರವಾಣಿ ಕಂಪೆನಿ ತನ್ನ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಮುದ್ರೆ ಒತ್ತಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇಷ್ಟು ಒಪ್ಪುವ ಉದಾಹರಣೆ ಇನ್ನೊಂದಿರಲಾರದು. ಇಲ್ಲಿ ಪೂಜಾರಿಗಳೇ ಮೂವರು!

೨೦೧೦ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಇದಕ್ಕೆ ಸಾಕ್ಷಿ. ಮೂಲದಲ್ಲಿ ಒಂದೇ ಆದ ಆ ಫೋನು ಅಮೆರಿಕದಲ್ಲಿ ನಾಲ್ಕು ಹೆಸರು ತಳೆಯಿತು: ಎಟಿ ಅಂಡ್ ಟಿಯಲ್ಲಿ ಕ್ಯಾಪ್ಟಿವೇಟ್, ಟಿ-ಮೊಬೈಲಿನಲ್ಲಿ ವೈಬ್ರಂಟ್, ಸ್ಪ್ರಿಂಟಿನಲ್ಲಿ ಎಪಿಕ್, ವೆರೈಜನ್ನಿನಲ್ಲಿ ಫ್ಯಾಸಿನೇಟ್. ಹೆಸರು ನಾಲ್ಕಾದ ಮೇಲೆ ತಂತ್ರಾಂಶವೂ ನಾಲ್ಕು, ಪರೀಕ್ಷೆಯೂ ನಾಲ್ಕು. ಗೂಗಲ್ ೨೦೧೦ರ ಮೇ ತಿಂಗಳಲ್ಲಿ ಪ್ರಕಟಿಸಿದ ಫ್ರೋಯೋ ಎಂಬ ಆವೃತ್ತಿ ಈ ನಾಲ್ಕು ಬಗೆಯ ಗ್ರಾಹಕರನ್ನು ಮುಟ್ಟುವಾಗ ೨೦೧೧ ಬಂದಿತ್ತು. ಇತರ ದೇಶಗಳಲ್ಲಿ ಅದೇ ಫೋನನ್ನು ಕೊಂಡವರಿಗೆ ಅದು ಹಿಂದಿನ ವರ್ಷವೇ ಸಿಕ್ಕಿತ್ತು. ಗೂಗಲ್ಲಿನ ಹೆಸರನ್ನೇ ಹೊತ್ತ ಗ್ಯಾಲಕ್ಸಿ ನೆಕ್ಸಸ್ಸಿಗೂ ಬಿಡುಗಡೆಯಿರಲಿಲ್ಲ: ೨೦೧೨ರ ಜುಲೈಯಲ್ಲಿ ಇತರರ ನೆಕ್ಸಸ್ಸಿಗೆ ದೊರೆತ ಜೆಲ್ಲಿ ಬೀನ್ ವೆರೈಜನ್ನಿನ ನೆಕ್ಸಸ್ಸಿಗೆ ಬಂದದ್ದು ಸೆಪ್ಟೆಂಬರಿನಲ್ಲಿ.

ದೂರವಾಣಿ ಕಂಪೆನಿಗಳ ಕಡೆಗೂ ನ್ಯಾಯವಿಲ್ಲದೆ ಇಲ್ಲ. ಕೆಟ್ಟ ತಂತ್ರಾಂಶವೊಂದು ಲಕ್ಷಾಂತರ ಫೋನುಗಳಿಗೆ ಒಮ್ಮೆಗೇ ಹೋದರೆ ತುರ್ತು ಕರೆಗಳೂ ನಿಂತಾವು. ಗ್ರಾಹಕ ದೂರು ತರುವುದು ಬಿಲ್ಲು ಕಳಿಸುವವನ ಬಾಗಿಲಿಗೇ. ೨೦೧೧ರ ಫೆಬ್ರವರಿಯಲ್ಲಿ ಸ್ಪ್ರಿಂಟಿನ ಎಪಿಕ್ ಫೋನಿಗೆ ಬಿಟ್ಟ ಅಪ್‌ಡೇಟ್ ಹೊಸ ತೊಂದರೆಗಳನ್ನೇ ತಂದು, ಅದನ್ನು ತಡೆಹಿಡಿಯಬೇಕಾಯಿತು. ಆದುದರಿಂದ ಪರೀಕ್ಷೆ ಬೇಡವೆನ್ನುವಂತಿಲ್ಲ. ಆದರೆ ಪರೀಕ್ಷೆಗೆ ಗಡುವಿರಲಿಲ್ಲ, ವಿಳಂಬಕ್ಕೆ ಹೊಣೆಗಾರರಿರಲಿಲ್ಲ. ಫೋನು ಮಾರಿ ಹಣ ಎಣಿಸಿಕೊಂಡ ಮೇಲೆ ಅಪ್‌ಡೇಟಿನಿಂದ ತಯಾರಕನಿಗೆ ಚಿಕ್ಕಾಸಿನ ಲಾಭವಿಲ್ಲ. ಹಳೆಯ ಫೋನು ಚೆನ್ನಾಗಿ ನಡೆದರೆ ಹೊಸದರ ವ್ಯಾಪಾರಕ್ಕೇ ನಷ್ಟ. ೨೦೧೧ರ ಮೇ ತಿಂಗಳಲ್ಲಿ ಗೂಗಲ್ಲೂ ಪ್ರಮುಖ ತಯಾರಕರೂ ದೂರವಾಣಿ ಕಂಪೆನಿಗಳೂ ಒಂದಾಗಿ, ಹೊಸ ಫೋನುಗಳಿಗೆ ೧೮ ತಿಂಗಳ ಕಾಲ ಅಪ್‌ಡೇಟ್ ಕೊಡುವುದಾಗಿ ಸಾರಿದರು. ಸಭೆಯಲ್ಲಿ ಚಪ್ಪಾಳೆಯಾಯಿತು. ಆ ಒಕ್ಕೂಟದ ಸುದ್ದಿ ಮತ್ತೆ ಹೆಚ್ಚಾಗಿ ಕೇಳಿಬರಲಿಲ್ಲ.

ಹೊಸ ಸೊಗಸು ತಡವಾಗಿ ಬಂದರೆ ಬೇಸರವಷ್ಟೆ; ರಕ್ಷಣೆ ತಡವಾದರೆ ಅಪಾಯ. ೨೦೧೩ರ ಏಪ್ರಿಲಿನಲ್ಲಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ನಾಲ್ಕು ದೊಡ್ಡ ದೂರವಾಣಿ ಕಂಪೆನಿಗಳ ಮೇಲೆ ವಾಣಿಜ್ಯ ಆಯೋಗಕ್ಕೆ ದೂರು ಕೊಟ್ಟಿತು. ಗೊತ್ತಿರುವ ದೋಷಗಳನ್ನು ಮುಚ್ಚದೆಯೇ ಫೋನು ಮಾರುತ್ತಾರೆ, ಗ್ರಾಹಕನನ್ನು ಎಚ್ಚರಿಸುವುದೂ ಇಲ್ಲ ಎಂಬುದು ಅದರ ಆಕ್ಷೇಪ. ಅದರ ಮಾತು ಎಷ್ಟು ನಿಜವೆಂಬುದು ಎರಡು ವರ್ಷದಲ್ಲಿ ಕಂಡಿತು. ೨೦೧೫ರ ಜುಲೈಯಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು. ಒಂದು ಕಿಡಿಗೇಡಿ ವೀಡಿಯೋ ಸಂದೇಶ ಬಂದರೆ ಸಾಕು, ಯಜಮಾನ ಅದನ್ನು ತೆರೆಯದಿದ್ದರೂ ಫೋನು ಪರರ ವಶವಾಗಬಹುದಿತ್ತು. ೯೫ ಕೋಟಿ ಫೋನುಗಳಿಗೆ ಅಪಾಯವಿದೆಯೆಂದು ಕಂಡುಹಿಡಿದವರು ಅಂದಾಜು ಮಾಡಿದರು. ಸೋಜಿಗವೆಂದರೆ, ಅವರು ಏಪ್ರಿಲಿನಲ್ಲಿಯೇ ಗೂಗಲ್ಲಿಗೆ ತಿಳಿಸಿ ತೇಪೆಯನ್ನೂ ಕಳಿಸಿದ್ದರು. ಗೂಗಲ್ ಅದನ್ನು ತನ್ನ ತಂತ್ರಾಂಶಕ್ಕೆ ಕೂಡಲೇ ಸೇರಿಸಿಕೊಂಡಿತ್ತು. ಔಷಧ ಸಿದ್ಧವಾಗಿತ್ತು, ರೋಗಿಯ ಮನೆಗೆ ಮಾತ್ರ ಮುಟ್ಟಿರಲಿಲ್ಲ.

ಆ ಬೆದರಿಕೆಯ ಮೇಲೆ ಎಲ್ಲರೂ ಎದ್ದು ಕುಳಿತರು. ೨೦೧೫ರ ಆಗಸ್ಟಿನಿಂದ ಗೂಗಲ್ ತಿಂಗಳಿಗೊಮ್ಮೆ ರಕ್ಷಣೆಯ ಅಪ್‌ಡೇಟ್ ಹೊರಡಿಸತೊಡಗಿತು. ೨೦೧೬ರ ಮೇ ತಿಂಗಳಲ್ಲಿ ಅಮೆರಿಕದ ವಾಣಿಜ್ಯ ಆಯೋಗ ಎಂಟು ಕಂಪೆನಿಗಳಿಂದ ವಿವರ ಕೇಳಿತು. ಸಂಪರ್ಕ ಆಯೋಗ ದೂರವಾಣಿ ಕಂಪೆನಿಗಳಿಗೆ ಬರೆಯಿತು. ೨೦೧೮ರ ಫೆಬ್ರವರಿಯ ವರದಿಯಲ್ಲಿ ಕಂಡುಬಂದದ್ದು: ಯಾವ ಫೋನಿಗೆ ಎಷ್ಟು ಕಾಲ ಅಪ್‌ಡೇಟ್ ಎಂಬುದಕ್ಕೆ ನಿಯಮವೇ ಇಲ್ಲ, ಅದನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದೂ ಅಪರೂಪ. ಇತ್ತ ಗೂಗಲ್ ೨೦೧೭ರಲ್ಲಿ ಟ್ರೆಬಲ್ ಎಂಬ ಯೋಜನೆಯಿಂದ ಆಂಡ್ರಾಯ್ಡನ್ನು ಚಿಪ್ಪಿನ ತಂತ್ರಾಂಶದಿಂದ ಬೇರ್ಪಡಿಸಿತು. ೨೦೧೯ರಲ್ಲಿ ಮೇನ್‌ಲೈನ್ ಎಂಬ ಯೋಜನೆಯಿಂದ ಕೆಲವು ಭಾಗಗಳನ್ನು ತಾನೇ ನೇರವಾಗಿ ಫೋನಿಗೆ ಕಳಿಸುವ ದಾರಿ ಮಾಡಿತು. ಪೂಜಾರಿಗಳನ್ನು ತೆಗೆಯಲಾಗದಿದ್ದರೂ ಗರ್ಭಗುಡಿಗೆ ಪಕ್ಕದ ಬಾಗಿಲೊಂದನ್ನು ಕೊರೆದಂತಾಯಿತು.

ಭಾರತದಲ್ಲಿ ನಾವು ಬಹುಮಟ್ಟಿಗೆ ಫೋನನ್ನು ಅಂಗಡಿಯಲ್ಲಿ ಪೂರ್ತಿ ಬೆಲೆಗೆ ಕೊಂಡು, ಸಿಮ್ಮನ್ನು ಬೇರೆ ಕೊಳ್ಳುವವರು. ದೂರವಾಣಿ ಕಂಪೆನಿಯ ಹಂಗು ನಮಗಿಲ್ಲವೆಂದು ನಾನೂ ಜಂಬಪಟ್ಟಿದ್ದೆ. ೨೦೨೨ರ ಅಕ್ಟೋಬರ್ ೧ರಂದು ದೇಶದಲ್ಲಿ ೫ಜಿ ಆರಂಭವಾಯಿತು. ಏರ್‌ಟೆಲ್ ಮೊದಲು ತೆರೆದ ಎಂಟು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ೫ಜಿ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಫೋನು ನನ್ನ ಕೈಯಲ್ಲಿತ್ತು. ಗೋಪುರ ಸಿದ್ಧ, ಫೋನು ಸಿದ್ಧ, ಆದರೂ ಅವೆರಡಕ್ಕೂ ಮಾತುಕತೆಯಿಲ್ಲ. ಅಂಗಡಿಯ ಹುಡುಗ ಹೇಳಿದ: “ಅಪ್‌ಡೇಟ್ ಬರುತ್ತೆ ಸಾರ್, ಸ್ವಲ್ಪ ಕಾಯಿರಿ.” ಹನ್ನೊಂದು ವರ್ಷದ ಹಿಂದೆ ಅಕ್ಕನ ಮಗಳು ಹೇಳಿದ ಮಾತೇ! ಇಲ್ಲಿ ತಡೆದವರು ದೂರವಾಣಿ ಕಂಪೆನಿಯವರಲ್ಲ, ತಯಾರಕರು. ಸರ್ಕಾರದ ಅಧಿಕಾರಿಗಳು ತಯಾರಕರನ್ನೂ ದೂರವಾಣಿ ಕಂಪೆನಿಗಳನ್ನೂ ಕೂಡಿಸಿ ಮಾತನಾಡಬೇಕಾಯಿತು. ಆ್ಯಪಲ್ ಸಹ ಭಾರತದ ಐಫೋನುಗಳಿಗೆ ೫ಜಿಯನ್ನು ಎಲ್ಲರಿಗೂ ತೆರೆದದ್ದು ಡಿಸೆಂಬರಿನ ಅಪ್‌ಡೇಟಿನಲ್ಲಿ. ಬೀಗದ ಕೈ ಒಬ್ಬರಿಂದ ಇನ್ನೊಬ್ಬರ ಸೊಂಟಕ್ಕೆ ಹೋಗಿತ್ತೇ ಹೊರತು ನಮ್ಮ ಕೈಗೆ ಬಂದಿರಲಿಲ್ಲ.

ಆದರೆ ಕಾಲ ಸ್ವಲ್ಪ ತಿರುಗಿದೆ. ೨೦೨೩ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ೮ ಫೋನಿಗೂ, ೨೦೨೪ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್೨೪ ಫೋನಿಗೂ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟುವು. ಐರೋಪ್ಯ ಒಕ್ಕೂಟ ಇದನ್ನು ಮಾತಿಗೆ ಬಿಡದೆ ಕಾನೂನನ್ನೇ ಮಾಡಿತು. ೨೦೨೫ರ ಜೂನ್ ೨೦ರಿಂದ ಜಾರಿಯಾದ ಆ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅದಕ್ಕೆ ಅಪ್‌ಡೇಟ್ ದೊರೆಯತಕ್ಕದ್ದು; ಮೂಲ ತಂತ್ರಾಂಶದ ರಕ್ಷಣೆಯ ತಿದ್ದುಪಡಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಅದು ಗ್ರಾಹಕನಿಗೆ ಸಿಗತಕ್ಕದ್ದು. ನಾಲ್ಕು ತಿಂಗಳೂ ಹೆಚ್ಚೇ ಇರಬಹುದು. ಆದರೆ ಗಡುವೆಂಬುದೊಂದು ಕಾಗದದ ಮೇಲೆ ಬಂದಿತಲ್ಲ! ಒಂದು ಬಟ್ಟಲನ್ನು ಸಿಕ್ಕಿಸುವ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಲು ಹತ್ತಿದವರ ಹಾದಿಯಲ್ಲಿ ಇದೂ ಒಂದು ಹೆಜ್ಜೆ. ನಮ್ಮಲ್ಲಿ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಎಂದು ಕೇಳುವವರು, ಅಪ್‌ಡೇಟ್ ಯಾವ ವರ್ಷದವರೆಗೆ ಎಂದೂ ಕೇಳುವುದು ಒಳ್ಳೆಯದು. ಕೇಳುವವರು ಹೆಚ್ಚಿದರೆ ಹೇಳುವವರೂ ಹುಟ್ಟುತ್ತಾರೆ.

ಅಕ್ಕನ ಮಗಳ ಆ ಫೋನಿಗೆ ಐದು ತಿಂಗಳ ಮೇಲೆ ಅಪ್‌ಡೇಟ್ ಬಂದಿತು. ಅಷ್ಟರಲ್ಲಿ ಅವಳು ಬೇರೆ ಫೋನು ಕೊಂಡಾಗಿತ್ತು. ಈಗ ಅವಳ ಫೋನು ರಾತ್ರಿ ಅವಳು ಮಲಗಿರುವಾಗ ತಾನೇ ಸರಿಪಡಿಸಿಕೊಳ್ಳುತ್ತದೆಯಂತೆ. ಅಕ್ಕ ಮಾತ್ರ ಇಂದಿಗೂ ಮಗಳಿಗೆ ಫೋನು ಮಾಡಿದಾಗ, ನಾಲ್ಕು ಸಲ ಗಂಟೆ ಬಾರಿಸಿ ಅವಳು ಎತ್ತದಿದ್ದರೆ, ಎದ್ದು ನಿಂತುಬಿಡುತ್ತಾಳೆ.