ಮಂಕಿ ಲಿವ್ಸ್

ಸಂಜೆ ಟೆಸ್ಟ್‌ಗಳನ್ನು ರನ್‌ಗೆ ಹಾಕಿ ಮನೆಗೆ ಹೋಗಿ ಮಲಗುವ ಸುಖ ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ಟೆಸ್ಟ್‌ಗಳ ಪೂರ್ವಜರಲ್ಲಿ ಒಂದು ಕೋತಿಯೂ ಇದೆ ಅಂದ್ರೆ ನಗಬೇಡಿ.

1983. ಆಪಲ್‌ನಲ್ಲಿ ಮೊದಲ ಮ್ಯಾಕಿಂಟಾಷ್ ತಯಾರಾಗ್ತಿತ್ತು. ಮೆಮೊರಿ ಬರೀ 128 ಕೆಬಿ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ. ಮ್ಯಾಕ್‌ಪೇಂಟ್, ಮ್ಯಾಕ್‌ರೈಟ್ ಅಷ್ಟರಲ್ಲೇ ಉಸಿರು ಬಿಗಿಹಿಡಿದು ಓಡಬೇಕು. ಯಾವ ಗಳಿಗೆಯಲ್ಲಿ ಜಾಗ ಸಾಲದೆ ಕುಸಿಯುತ್ತೆ ಅಂತ ಕೈಯಾರೆ ಹುಡುಕೋದು ಮುಗಿಯದ ಕೆಲಸ. ಆಗ ಸ್ಟೀವ್ ಕ್ಯಾಪ್ಸ್ ಒಂದು ಪುಟ್ಟ ಪ್ರೋಗ್ರಾಂ ಬರೆದರು: ಮಂಕಿ. (ಇವರು ಗೇಮ್ ಬರೆಯುವವರೂ ಹೌದು, ಮ್ಯಾಕ್‌ನ ಮೊದಮೊದಲ ಆಟಗಳಲ್ಲೊಂದಾದ 'ಥ್ರೂ ದಿ ಲುಕಿಂಗ್ ಗ್ಲಾಸ್' ಇವರದೇ.) ಸಿಕ್ಕಸಿಕ್ಕಲ್ಲಿ ಕ್ಲಿಕ್ಕು, ಸಿಕ್ಕಿದ್ದನ್ನೆಲ್ಲ ಎಳೆಯೋದು, ಕೀಬೋರ್ಡ್ ಕುಟ್ಟೋದು. ವನ ಕೆಡಿಸಲಿ ಅಂತಲೇ ಸಾಕಿದ ಕೋತಿ.

ಮೊದಮೊದಲು ಕೋತಿ ಬಿಟ್ಟ ಸ್ವಲ್ಪ ಹೊತ್ತಿಗೇ ಮೆಷೀನ್ ಕ್ರ್ಯಾಶ್. ಕಣ್ಣಿಗೆ ರಾಚುವ ಬಗ್‌ಗಳನ್ನು ಸರಿಮಾಡಿ, ರಾತ್ರಿಯಿಡೀ ಆಡಲಿ ಅಂತ ಬಿಟ್ಟರೆ ಇನ್ನೊಂದು ತಕರಾರು. ಅಲ್ಲಿ ಇಲ್ಲಿ ಕೈಯಾಡಿಸ್ತಾ ಅದು 'ಕ್ವಿಟ್' ಒತ್ತಿಬಿಡೋದು! ಬಿಲ್ ಅಟ್ಕಿನ್ಸನ್ ಉಪಾಯ ಹೇಳಿದರು: 'ಮಂಕಿಲಿವ್ಸ್' ಎಂಬ ಒಂದು ಫ್ಲ್ಯಾಗ್. ಕೋತಿ ಕೆಲಸದಲ್ಲಿದೆ ಅಂತ ಅದು ಹೇಳಿದರೆ ಮ್ಯಾಕ್‌ಪೇಂಟ್ ತನ್ನ ಕ್ವಿಟ್ಟನ್ನೇ ಬಂದ್ ಮಾಡಿಕೊಳ್ಳುತ್ತೆ. ಕೋತಿಗೆ ಬುದ್ಧಿ ಕಲಿಸಲು ಹೋಗಲಿಲ್ಲ, ಬಾಗಿಲಿಗೆ ಚಿಲಕ ಹಾಕಿದರು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಮುಂದೆ 512 ಕೆಬಿ ಮ್ಯಾಕ್ ಬಂದು ಇಕ್ಕಟ್ಟು ಕಡಿಮೆಯಾದಾಗ ಕೋತಿ ಮರೆಗೆ ಸರಿಯಿತು. ಹೆಸರು ಮಾತ್ರ ಮೆಮೊರಿಯ 256ನೇ ವಿಳಾಸದಲ್ಲಿ ಉಳೀತು.

ಆದರೆ ಒಗಟಿನ ಗೇಮ್‌ಗೆ ಇಂಥ ಕೋತಿ ಸಾಲದು. ಮೊದಲ ಬಾಗಿಲನ್ನೇ ದಾಟಲ್ಲ. ಹಾಗಾಗಿ ಕ್ರೊಯೇಷಿಯಾದ ಕ್ರೋಟೀಮ್ 2014ರ 'ದಿ ಟ್ಯಾಲೋಸ್ ಪ್ರಿನ್ಸಿಪಲ್' ಮಾಡುವಾಗ ಒಂದು ಬಾಟ್ ಇಟ್ಟುಕೊಂಡಿತು. ಒಗಟು ಬಿಡಿಸೋ ಬುದ್ಧಿ ಅದಕ್ಕೂ ಇಲ್ಲ. ಮನುಷ್ಯರು ತೋರಿಸಿಕೊಟ್ಟ ಹೆಜ್ಜೆಗಳನ್ನೇ ಹಿಡಿದು ಆಟವನ್ನು ಮೊದಲಿಂದ ಕೊನೇವರೆಗೆ ಮತ್ತೆ ಮತ್ತೆ ಆಡ್ತಿತ್ತು. ನಿನ್ನೆ ಯಾರೋ ಗೋಡೆ ಸರಿಸಿ ದಾರಿ ಮುಚ್ಚಿದ್ದರೆ ಇವತ್ತು ಬಾಟ್ ಅಲ್ಲೇ ಸಿಕ್ಕಿಬೀಳುತ್ತೆ. ತಮಾಷೆ ಏನಂದ್ರೆ ಆ ಆಟದ ನಾಯಕನೂ ರೋಬೋಟೇ, ಒಗಟು ಬಿಡಿಸ್ತಾ ಪರೀಕ್ಷೆಗೆ ಒಳಗಾಗಿರೋನು. ಅಲ್ಲಿ ನಿಜವಾಗಿ ಪಾಸಾಗಬೇಕಾದರೆ ಹಾಕಿದ ಅಪ್ಪಣೆ ಮೀರಬೇಕು. ಬಾಟ್ ಅದನ್ನೂ ಮೀರುತ್ತೆ, ಮೀರು ಅಂತ ಯಾರಾದರೂ ಹೇಳಿಕೊಟ್ಟಿದ್ದರೆ. ಈ ಒಗಟು ಬೋರು ಕಣ್ರೀ ಅಂತ ಹೇಳೋಕೆ ಮಾತ್ರ ಪಕ್ಕದಲ್ಲಿ ಮನುಷ್ಯ ಟೆಸ್ಟರ್ ಕೂರಬೇಕಾಗ್ತಿತ್ತು.