ಚಳಿಗಾಲದಲ್ಲಿ ಹೊಲದ ಬಿಡಾರದ ನಾಯಿಗಳ ರಕ್ಷಣೆ

ಬೀದರ್ ಜಿಲ್ಲೆಯು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದೆ. ಡಿಸೆಂಬರ್ ಮತ್ತು ಜನವರಿ ತಿಂಗಳ ಕೆಲವು ರಾತ್ರಿಗಳಲ್ಲಿ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ಮನ್ನಾಏಖೇಳ್ಳಿ, ಹುಮನಾಬಾದ್ ಮತ್ತು ಬಸವಕಲ್ಯಾಣ ಭಾಗದಲ್ಲಿ ತೊಗರಿ ರಾಶಿ, ಕಬ್ಬು ಕಟಾವು, ಹಿಂಗಾರಿ ಜೋಳದ ಕಾವಲು ಹಾಗೂ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವ ಕೆಲಸಗಳು ನಡೆಯುವುದೂ ಇದೇ ಅವಧಿಯಲ್ಲಿ. ಹೀಗಾಗಿ ರೈತರು, ಕುರಿಗಾರರು ಮತ್ತು ಕಬ್ಬು ಕಡಿಯುವ ತಂಡದವರು ವಾರಗಟ್ಟಲೆ ಬಯಲಿನಲ್ಲಿ ತಂಗುತ್ತಾರೆ. ಮನುಷ್ಯರಿಗೆ ಕಂಬಳಿಯಿರುತ್ತದೆ; ತೋಳ, ಕಾಡುಹಂದಿ ಮತ್ತು ಕಳ್ಳರಿಂದ ಕಾಯುವ ನಾಯಿ ಮಾತ್ರ ಬರಿ ನೆಲದ ಮೇಲೆ ಮಲಗುತ್ತದೆ. ಚಳಿಯಿಂದ ಕುಗ್ಗಿದ ನಾಯಿ ಮಂದೆಯನ್ನು ಕಾಯಲಾರದು. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸಿರಿ.

ಯಾವ ನಾಯಿಗಳಿಗೆ ಹೆಚ್ಚು ಅಪಾಯ?
ಮರಿಗಳು, ಮುದಿ ನಾಯಿಗಳು, ಹಾಲುಣಿಸುವ ತಾಯಿ ನಾಯಿಗಳು, ಕಜ್ಜಿಯಿಂದ ಕೂದಲು ಉದುರಿದ ನಾಯಿಗಳು ಮತ್ತು ಬಡಕಲು ನಾಯಿಗಳು ಚಳಿಯನ್ನು ತಾಳಲಾರವು. ಮುಧೋಳ ತಳಿಯ ನಾಯಿಗೆ ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ಅದಕ್ಕೂ ವಿಶೇಷ ಕಾಳಜಿ ಬೇಕು. ಹುಟ್ಟಿದ ಮೊದಲ ವಾರದಲ್ಲಿ ಮರಿಗಳು ನಡುಗಿ ಮೈ ಕಾಯಿಸಿಕೊಳ್ಳಲಾರವು. ತಾಯಿಯ ಮಗ್ಗುಲು ತಪ್ಪಿದರೆ ಒಂದೇ ರಾತ್ರಿಯಲ್ಲಿ ಸಾಯಬಹುದು.

ಸ್ಥಳದ ಆಯ್ಕೆ
ತಂಪು ಗಾಳಿ ಭಾರವಾದುದರಿಂದ ರಾತ್ರಿ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ಇಬ್ಬನಿಯೂ ಹೆಚ್ಚು. ಹಳ್ಳದ ದಂಡೆ ಮತ್ತು ನೀರು ಹಾಯಿಸಿದ ಹೊಲವನ್ನು ಬಿಟ್ಟು, ಸ್ವಲ್ಪ ಎತ್ತರದ ಒಣ ಜಾಗದಲ್ಲಿ ಬಿಡಾರ ಹೂಡಿರಿ. ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಆ ದಿಕ್ಕಿಗೆ ಬದು, ಬಣವೆ ಅಥವಾ ಜೋಳದ ಕಣಕಿಯ ತಡಿಕೆ ಇರಲಿ. ಗೂಡಿನ ಬಾಯಿ ದಕ್ಷಿಣ ಅಥವಾ ಪಶ್ಚಿಮಕ್ಕಿರಲಿ.

ಹಾಸಿಗೆ ಮತ್ತು ಗೂಡು
1. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ಹಲಗೆ ಹಾಕಿ, ಅದರ ಮೇಲೆ 6 ರಿಂದ 8 ಅಂಗುಲ ದಪ್ಪ ಒಣ ಹುಲ್ಲು, ಕಬ್ಬಿನ ರವದಿ ಅಥವಾ ಜೋಳದ ಒಣ ಎಲೆ ಹರಡಿರಿ. ತೊಗರಿ ಹೊಟ್ಟಿನ ಕಡ್ಡಿ ಚುಚ್ಚುತ್ತದೆ, ಅದು ಬೇಡ.
2. ಗೋಣಿಚೀಲ ಮತ್ತು ಹಳೆಯ ಬಟ್ಟೆ ತೇವ ಹೀರಿ ತಣ್ಣಗಾಗುತ್ತವೆ. ಅವನ್ನು ಬಳಸಿದರೆ ದಿನವೂ ಬಿಸಿಲಿಗೆ ಹಾಕಿ ಒಣಗಿಸಿರಿ.
3. ಗೂಡು ಚಿಕ್ಕದಿರಲಿ. ನಾಯಿ ಎದ್ದು ನಿಂತು ತಿರುಗಿ ಮಲಗುವಷ್ಟು ಜಾಗ ಸಾಕು. ಗೂಡು ದೊಡ್ಡದಾದರೆ ಮೈಯ ಶಾಖ ಉಳಿಯದು.
4. ಕೀಟನಾಶಕದ ಚೀಲ, ಡಬ್ಬಿ ಅಥವಾ ಡ್ರಮ್ಮುಗಳನ್ನು ತೊಳೆದ ಮೇಲೂ ಗೂಡಿಗೆ ಬಳಸಬೇಡಿರಿ.
5. ಹಳೆಯ ಕಂಬಳಿಯ ತುಂಡನ್ನು ಕುತ್ತಿಗೆಯಿಂದ ಬಾಲದ ಬುಡದವರೆಗೆ ಅಳೆದು ಹೊದಿಕೆ ಮಾಡಿರಿ. ಎದೆ ಮತ್ತು ಹೊಟ್ಟೆಯ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲಾಗಿ ಕಟ್ಟಿರಿ. ಬೆಳಿಗ್ಗೆ ಬಿಚ್ಚಿರಿ, ತೇವವಾದರೆ ಕೂಡಲೇ ತೆಗೆಯಿರಿ.

ಬೆಂಕಿ ಮತ್ತು ವಾಹನ
ನಾಯಿಯನ್ನು ಬೆಂಕಿಯ ಪಕ್ಕದಲ್ಲಿ ಕಟ್ಟಬೇಡಿರಿ. ಮುಚ್ಚಿದ ಗುಡಾರದೊಳಗೆ ಕೆಂಡವನ್ನು ಇಡಲೇಬಾರದು. ಅದರ ವಿಷಾನಿಲವು ನಾಯಿಯನ್ನೂ ಮಲಗಿದವರನ್ನೂ ಕೊಲ್ಲಬಲ್ಲದು. ನಾಯಿಗಳು ಟ್ರ್ಯಾಕ್ಟರ್ ಮತ್ತು ಟ್ರೇಲರ್ ಅಡಿಯಲ್ಲಿ, ಮರಿಗಳು ರವದಿಯ ರಾಶಿಯಲ್ಲಿ ಬೆಚ್ಚಗೆ ಮಲಗುವುದುಂಟು. ವಾಹನ ಚಾಲೂ ಮಾಡುವ ಮುನ್ನ ಕೆಳಗೆ ನೋಡಿರಿ. ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಕೆಯಾಗಿ ಬಿಡುವುದು ಮಣ್ಣಿಗೂ ಒಳ್ಳೆಯದು.

ಆಹಾರ ಮತ್ತು ನೀರು
ರಾತ್ರಿಯಿಡೀ ಕಾಯುವ ನಾಯಿಗೆ ಎಂದಿಗಿಂತ ಸುಮಾರು ಕಾಲು ಭಾಗ ಹೆಚ್ಚು ಆಹಾರ ಕೊಡಿರಿ. ಸಂಜೆ ಜೋಳದ ರೊಟ್ಟಿಯನ್ನು ಉಗುರುಬೆಚ್ಚಗಿನ ಸಪ್ಪೆ ಬೇಳೆಕಟ್ಟು ಅಥವಾ ಮಜ್ಜಿಗೆಯಲ್ಲಿ ನೆನೆಸಿ, ಒಂದು ಚಮಚ ಎಣ್ಣೆ ಸೇರಿಸಿ ಕೊಡಬಹುದು. ಬೇಯಿಸಿದ ಮೊಟ್ಟೆ ಉತ್ತಮ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮತ್ತು ಒಣದ್ರಾಕ್ಷಿ ನಾಯಿಗೆ ವಿಷ. ಚಳಿಯಲ್ಲಿಯೂ ಕುಡಿಯುವ ನೀರು ಸದಾ ಇರಲಿ.

ಸತ್ತ ಅಥವಾ ಕೊಯ್ದ ಕುರಿಯ ತಲೆ, ಮಿದುಳು ಮತ್ತು ಹಸಿ ಒಳಾಂಗಗಳನ್ನು ನಾಯಿಗೆ ಹಾಕಬಾರದು. ಅವುಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಮಲದ ಮೂಲಕ ಹುಲ್ಲಿಗೆ ಸೇರುತ್ತವೆ. ಆ ಹುಲ್ಲನ್ನು ಮೇಯ್ದ ಕುರಿಯ ಮಿದುಳಿನಲ್ಲಿ ನೀರುಗುಳ್ಳೆಯಾಗಿ, ಕುರಿ ಸುತ್ತುತ್ತಾ ಸಾಯುತ್ತದೆ. ಪಶುವೈದ್ಯರ ಸಲಹೆಯಂತೆ 3 ತಿಂಗಳಿಗೊಮ್ಮೆ ನಾಯಿಗೆ ಜಂತುನಾಶಕ ಕೊಡಿಸಿರಿ. ಬಿಡಾರ ಹೊರಡುವ ಮುನ್ನ ರೇಬೀಸ್ ಲಸಿಕೆ ಆಗಿದೆಯೇ ನೋಡಿರಿ. ಇದು ಪ್ರತಿ ವರ್ಷ ಬೇಕು.

ಚಳಿ ಹಿಡಿದಾಗ ಪ್ರಥಮೋಪಚಾರ
ನಾಯಿಯ ಸಹಜ ಉಷ್ಣಾಂಶ ಸುಮಾರು 38 ರಿಂದ 39 ಡಿಗ್ರಿ ಸೆಲ್ಸಿಯಸ್. ಬಿಡದೆ ನಡುಗುವುದು, ಕಿವಿ ಮತ್ತು ಪಾದ ತಣ್ಣಗಾಗುವುದು, ತೂಕಡಿಸುವುದು ಮೊದಲ ಲಕ್ಷಣಗಳು. ನಡುಕ ನಿಂತು ನಾಯಿ ಮಂಕಾದರೆ ಚೇತರಿಸಿತೆಂದು ತಿಳಿಯಬೇಡಿರಿ. ಸ್ಥಿತಿ ಗಂಭೀರವಾಗಿದೆ ಎಂದರ್ಥ.
• ಮೈಯನ್ನು ಒಣ ಬಟ್ಟೆಯಿಂದ ಒರೆಸಿ ಕಂಬಳಿಯಲ್ಲಿ ಸುತ್ತಿರಿ.
• ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆ ಮತ್ತು ಹೊಟ್ಟೆಯ ಪಕ್ಕದಲ್ಲಿಡಿರಿ. ಬೆಂಕಿಗೆ ಹಿಡಿಯಬೇಡಿರಿ, ಚರ್ಮ ಸುಡುತ್ತದೆ.
• ಎಚ್ಚರವಿದ್ದು ನುಂಗುವಂತಿದ್ದರೆ ಮಾತ್ರ ಬೆಚ್ಚಗಿನ ಬೆಲ್ಲದ ನೀರು ಕೊಡಿರಿ.
• ಮನುಷ್ಯರ ಜ್ವರ ಮತ್ತು ನೋವಿನ ಮಾತ್ರೆ ಕೊಡಬಾರದು.
• ಸಮೀಪದ ಪಶು ಆಸ್ಪತ್ರೆಗೆ ಒಯ್ಯಿರಿ, ಅಥವಾ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿರಿ.

ವಿಸ್ತರಣಾ ಕಾರ್ಯಕರ್ತರು ತೊಗರಿ ಕಟಾವಿಗೆ ಮುಂಚಿನ ರೈತ ಸಭೆಗಳಲ್ಲಿ ಈ ವಿಷಯಗಳನ್ನು ತಿಳಿಸಬೇಕು. ಬಿಡಾರ ಬಿಟ್ಟು ಬಿಡಾರಕ್ಕೆ ಹೋಗುವ ಕುರಿಗಾರರು ಸಭೆಗೆ ಬರುವುದು ಕಡಿಮೆ. ಮಂದೆ ನಿಂತ ಹೊಲಕ್ಕೇ ಹೋಗಿ ಹೇಳುವುದು ಹೆಚ್ಚು ಫಲಕಾರಿ. ಒಂದು ಹೊರೆ ಒಣ ಹುಲ್ಲು ಮತ್ತು ಒಂದು ತುಂಡು ಹಳೆಯ ಕಂಬಳಿ, ಇವೆರಡೂ ರೈತರ ಮನೆಯಲ್ಲಿಯೇ ದೊರೆಯುವ ವಸ್ತುಗಳು.